ಇಬ್ಬರು ಆಡುವ ಆಟ

ಸೋಮವ್ವಾ,

ನೀನು ತೀರಿಹೋಗಿ ಎರಡು ವರ್ಷವಾದರೂ ನಾನು ಗೇಮ್ ಆಡುವುದು ಬಿಟ್ಟಿಲ್ಲ. ಕುರಿ ಕಾಯುವಾಗ ಅಂಗೈಯಗಲದ ಗೇಮ್ ಹಿಡಿದಿದ್ದವನು ಈಗಲೂ ಟೀವಿಗೆ ಹಚ್ಚಿ ಆಡುತ್ತೇನೆ. ಸಾವಳಗಿಯಲ್ಲಿ ನನ್ನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ.

ಇವತ್ತು ಮಗಳು ರೇಷ್ಮಾ ನೀನು ಹಿಡಿಯುತ್ತಿದ್ದ ಗೇಮಿನ ರಿಮೋಟ್ ಹಿಡಿದು ಕೂತಳು. ಬಂದೂಕಿನವರು ಜಲಪಾತ ಹತ್ತುವ, ನಾನೂ ನೀನೂ ಆಡುತ್ತಿದ್ದ, ನೀನು ಪ್ರತಿ ಸಲ ಸಾಯುತ್ತಿದ್ದ ಅದೇ ಆಟ. ನಾನು ಸರಸರ ಮೇಲೇರಿದೆ, ಅವಳು ಸತ್ತಳು. ಮತ್ತೆ ಏರಿದೆ, ಮತ್ತೆ ಸತ್ತಳು.

"ನಿಮ್ಮವ್ವನಂಗ ನಿನಗೂ ಆಡಾಕ ಬರೂದಿಲ್ಲ ನೋಡ" ಎಂದು ರೇಗಿದೆ.

"ಯಪ್ಪಾ, ನೀ ಓಡಿ ಹತ್ತಿದ್ರ ಟೀವ್ಯಾಗಿನ ಚಿತ್ರಾನೂ ನಿನ್ನ ಜೋಡಿ ಮ್ಯಾಲ ಸರೀತೈತಿ. ಕೆಳಗ ಉಳದಾವ್ರು ಸಾಯ್ತಾರ. ನನ್ನ ಕೊಲ್ಲಾಂವ ನೀನ! ನಾ ಇನ್ನ ಆಡೂದಿಲ್ಲ" ಎಂದು ರಿಮೋಟ್ ಇಟ್ಟು ಎದ್ದಳು.

ಇಷ್ಟು ವರ್ಷ ಆಡಿದವನಿಗೆ ಕಲಿಸಲು ಬಂದಳಲ್ಲ ಎಂದು ಸಿಟ್ಟು ಬಂತು. ಆದರೂ "ಸುಮ್ನ ಕುಂಡ್ರ ಬೇ" ಎಂದೆ. ಈ ಸಲ ಒಂದು ಬಂಡೆ ಹತ್ತಿ ನಿಂತೆ. ಅವಳು ಬಂದಳು. ಇನ್ನೊಂದು ಹತ್ತಿ ನಿಂತೆ. ಗುಂಡು ತಪ್ಪಿಸಿಕೊಂಡು ಅಲ್ಲಿಗೂ ಬಂದಳು. ಜಲಪಾತದ ತುದಿಯನ್ನು ಇಬ್ಬರೂ ಜೀವಂತ ಮುಟ್ಟಿದೆವು.

ನಿನಗೆ ಆಟ ಬರುತ್ತಿತ್ತು, ಸೋಮವ್ವಾ.

ಸಿದರಾಯ