ಕೆಂಪು ಗೆರೆಯಿಲ್ಲದ ಎಂಟು ಪುಟ

ದೊಡ್ಡಪ್ಪನಿಗೂ, ಇದನ್ನು ಓದಿ ಹೇಳುವ ದೊಡ್ಡಮ್ಮನಿಗೂ ನಮಸ್ಕಾರ.

ನೀವು ತಿದ್ದಿ ಕಳಿಸಿದ ಕಥೆ ಬಂತು. ಆಸ್ಪತ್ರೆಯ ಹಾಸುಗಳಿಗೆ ಇಸ್ತ್ರಿ ಹಾಕಿ ಬಂದವಳು ಬೂಟನ್ನೂ ಬಿಚ್ಚದೆ ಲಕೋಟೆ ಒಡೆದೆ. ಎಂಟು ಪುಟಗಳಲ್ಲಿ ಒಂದೂ ಕೆಂಪು ಗೆರೆ ಇಲ್ಲ. ಕೊನೆಯಲ್ಲಿ ಮಾತ್ರ "ಬಲು ಚಂದ ಬರ್ದಿದ್ದೀಯ ಕಣೇ" ಎಂದಿತ್ತು, ಅಕ್ಷರದ ಮೇಲೆ ಅಕ್ಷರ ಏರಿ ಕೂತಿತ್ತು.

ಆ ಕಥೆಯಲ್ಲಿ ಅತ್ತೆ ಎರಡನೇ ಪುಟದಲ್ಲಿ ಸಾಯುತ್ತಾಳೆ. ಆರನೇ ಪುಟದಲ್ಲಿ ಸೊಸೆಯ ಅಡುಗೆಗೆ ಉಪ್ಪು ಸಾಲದು ಎನ್ನುತ್ತಾಳೆ. ಅಂಚೆಗೆ ಹಾಕಿದ ಮೇಲೆ ನನಗೇ ಹೊಳೆದು, ನಿಮ್ಮ ಬೈಗುಳಕ್ಕೆ ಕಾದಿದ್ದೆ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು ನೀವು. ನನ್ನ ಮದುವೆಯ ಕರೆಯೋಲೆಯಲ್ಲಿ 'ವದು' ಎಂದು ಅಚ್ಚಾದದ್ದು ಕಂಡು "ವಧುವಿಗೆ ಹೊಟ್ಟೆ ಸೀಳೇ ಇಲ್ವಲ್ರೀ!" ಎಂದು ಬೀಗರೆದುರು ಕೂಗಾಡಿದವರು.

ಇಸ್ತ್ರಿ ಹಿಡಿದು ಹಿಡಿದು ಈಚೆಗೆ ನನ್ನ ಮಣಿಕಟ್ಟು ನೋಯುತ್ತದೆ. ಕಥೆಯನ್ನು ನಕಲು ಮಾಡಿ ಕಳಿಸಲಾರೆ. ಇನ್ನು ಮೇಲೆ ಭಾನುವಾರ ಫೋನಿನಲ್ಲೇ ಓದುತ್ತೇನೆ. ತಪ್ಪಿದಲ್ಲಿ ನೀವು ಲೊಚಗುಟ್ಟಿದರೆ ಸಾಕು, ಕೆಂಪು ಗೆರೆ ನಾನೇ ಎಳೆದುಕೊಳ್ಳುತ್ತೇನೆ.

ಚಂದ ಇದೆ ಎಂದು ಮಾತ್ರ ಹೇಳಬೇಡಿ. ಈ ದೇಶದಲ್ಲಿ ನನ್ನ ಬರಹ ನೋಡಿದವರೆಲ್ಲ ಹಾಗೇ ಹೇಳುತ್ತಾರೆ. ಅವರಲ್ಲಿ ಒಬ್ಬರಿಗೂ ಕನ್ನಡ ಬರುವುದಿಲ್ಲ.

ಇನ್ನೂ ತಿದ್ದಿಸಿಕೊಳ್ಳಬೇಕಾಗಿರುವ,
ನಿಮ್ಮ ತಮ್ಮನ ಮಗಳು