ಸದ್ದಿಲ್ಲವೆಂದು ಸ್ವಿಚ್ ಹಾಕಬೇಡಿ

ಲಿಫ್ಟ್ ಮೆಕ್ಯಾನಿಕರ ಆನ್‌ಲೈನ್ ಬಳಗದ ಮುಖ್ಯ ನಿರ್ವಾಹಕರಿಗೆ,

ಮಾನ್ಯರೇ,

ಕಳೆದ ವಾರ ತಾವು ನನ್ನ ಗಂಡನನ್ನು ಬಳಗದಿಂದ ತೆಗೆದುಹಾಕಿದ್ದೀರಿ. ಕೊಟ್ಟ ಕಾರಣ 'ದೀರ್ಘಕಾಲದ ನಿಷ್ಕ್ರಿಯತೆ'. ಈ ತಿಂಗಳು ಮುಗಿಯುತ್ತಲೇ ಅವರು ಇಷ್ಟು ವರ್ಷ ಅಲ್ಲಿ ಬರೆದ ಉತ್ತರಗಳೆಲ್ಲ ಶಾಶ್ವತವಾಗಿ ಅಳಿಸಿಹೋಗುತ್ತವೆ ಎಂದೂ ತಮ್ಮ ಸೂಚನೆ ಹೇಳುತ್ತದೆ. ಅಳಿಸಬೇಡಿ. ಕೈಮುಗಿದು ಕೇಳುತ್ತೇನೆ, ಅವನ್ನು ಅಳಿಸಬೇಡಿ. ಕೊನೆಯಲ್ಲಿ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಟ್ಟೆ, ಏಕೆಂದರೆ ಉದ್ದನೆಯ ಪತ್ರವನ್ನು ಪೂರ್ತಿ ಓದುವ ವ್ಯವಧಾನ ಅಧಿಕಾರದಲ್ಲಿರುವವರಿಗೆ ಇರುವುದಿಲ್ಲವೆಂದು ಕೇಳಿದ್ದೇನೆ. ತಮಗೆ ಇದ್ದರೆ ನನ್ನ ಪುಣ್ಯ, ಮುಂದಕ್ಕೆ ಓದಿ.

ನಾನು ಮೆಕ್ಯಾನಿಕ್ ಅಲ್ಲ. ಬಟ್ಟೆ ಹೊಲಿಯುವವಳು. ಶಾಲೆಯ ಮಕ್ಕಳ ಸಮವಸ್ತ್ರ ಬಿಗಿಯಾದರೆ ಬಿಡಿಸುವುದು, ದೊಗಲೆಯಾದರೆ ಹಿಡಿಯುವುದು ನನ್ನ ಹೊಟ್ಟೆಪಾಡು. ಲಿಫ್ಟಿನ ವಿಚಾರ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಮೂವತ್ತು ವರ್ಷ ಊರಿನವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿದ ಮನುಷ್ಯ ನನ್ನನ್ನು ತಂದಿರಿಸಿದ್ದು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಹಾಗಾಗಿ ತಾಂತ್ರಿಕ ವಿಷಯದಲ್ಲಿ ತಪ್ಪಿದರೆ ಮನ್ನಿಸಿ. ಆದರೆ 'ಸಕ್ರಿಯ' ಎಂಬ ಮಾತಿನ ಅರ್ಥ ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲವಷ್ಟೇ?

ತಮ್ಮ ಲೆಕ್ಕದಲ್ಲಿ ಬರೆದವನು ಸಕ್ರಿಯ, ಓದಿದವನು ನಿಷ್ಕ್ರಿಯ. ಬಳಗದಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದೊಂದಿಗೆ 'ಶುಭೋದಯ' ಕಳಿಸುವ ಮಹಾಶಯರೊಬ್ಬರಿದ್ದಾರೆ. ಅವರು ಇದುವರೆಗೆ ಒಂದು ಸ್ಕ್ರೂ ಬಗ್ಗೆಯಾದರೂ ಬರೆದದ್ದನ್ನು ನಾನು ಕಂಡಿಲ್ಲ. ಅವರು ಹೂ ಕಳಿಸುತ್ತಾರೆ, ಅದರ ಕೆಳಗೆ ಹದಿನೈದು ಜನ ಕೈಮುಗಿಯುವ ಚಿತ್ರ ಹಾಕುತ್ತಾರೆ. ಅಷ್ಟೂ ಜನ ತಮ್ಮ ಪ್ರಕಾರ ವೃತ್ತಿಬಾಂಧವರ ಜೀವಾಳ. ನನ್ನ ಗಂಡ ದಿನಾ ಬೆಳಿಗ್ಗೆ ಎದ್ದು ಮುಖ ತೊಳೆದು, ಎಡಗೈಯಲ್ಲಿ ಫೋನ್ ಹಿಡಿದು, ಹೊಸದಾಗಿ ಬಂದದ್ದನ್ನೆಲ್ಲ ಒಂದೂ ಬಿಡದೆ ಓದುತ್ತಿದ್ದರು. ತಮ್ಮ ಯಂತ್ರಕ್ಕೆ ಆ ಓದು ಕಾಣಲಿಲ್ಲ. ಹೋಗಲಿ ಬಿಡಿ, ಹೂ ಕಳಿಸಿದ್ದರೆ ಕಾಣುತ್ತಿತ್ತೇನೋ!

ತಮ್ಮ ಕಷ್ಟ ನನಗೆ ಅರ್ಥವಾಗದೆಯೂ ಇಲ್ಲ. ಸುಳ್ಳು ಹೆಸರಿನಲ್ಲಿ ಬಿಡಿಭಾಗ ಮಾರುವವರು ಸೇರಿಕೊಂಡಿದ್ದಾರೆ, ಕಸುಬು ಬಿಟ್ಟು ಬೇರೆ ದಾರಿ ಹಿಡಿದವರಿದ್ದಾರೆ, ತೀರಿಕೊಂಡವರ ಖಾತೆಗಳೂ ಇರಬಹುದು. ಮನೆ ಅಂದಮೇಲೆ ಗುಡಿಸಲೇಬೇಕು. ಆದರೆ ಸ್ವಾಮಿ, ಮಾರುವವನು ಎಂದಾದರೂ ಬಾಯಿ ಮುಚ್ಚಿಕೊಂಡು ಕೂತದ್ದುಂಟೇ? ತಮ್ಮ ಪೊರಕೆಗೆ ಸಿಗುವುದು ಯಾರು ಹಾಗಾದರೆ? ಗದ್ದಲ ಮಾಡದೆ ಮೂಲೆಯಲ್ಲಿ ಕೂತವರೇ. ನನ್ನ ಗಂಡನ ಕಸುಬಿನಲ್ಲಿ ಫೋನ್ ಬಡಿದುಕೊಳ್ಳಲಿಲ್ಲ ಎಂದರೆ ಲಿಫ್ಟುಗಳು ಓಡುತ್ತಿವೆ ಎಂದರ್ಥ. ಮದುವೆಯಾದ ಹೊಸತರಲ್ಲೇ ಇವರು ನನಗೆ ಹೇಳಿದ್ದರು, "ಫೋನ್ ಸುಮ್ನಿದ್ರೆ ನೀನೂ ಸುಮ್ನಿರೇ, ಎಲ್ಲಾ ಸರಿಯಾಗಿದೆ ಅಂತ." ಸುಮ್ಮನಿರುವುದನ್ನೇ ಒಳ್ಳೆಯ ಸುದ್ದಿ ಎಂದು ತಿಳಿದವರ ಬಳಗದಲ್ಲಿ ಸುಮ್ಮನಿರುವುದು ಅಪರಾಧವಾದದ್ದು ಯಾವಾಗಿನಿಂದ?

ಈಗ ಇವರು ಯಾಕೆ ಬರೆಯಲಿಲ್ಲ ಎಂಬುದಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಒಂದು ದೊಡ್ಡ ಆಫೀಸ್ ಕಟ್ಟಡದಲ್ಲಿ, ಲಿಫ್ಟ್ ಪೆಟ್ಟಿಗೆಯ ತಲೆಯ ಮೇಲೆ ಕೂತು ಇವರು ಕೆಲಸ ಮಾಡುತ್ತಿದ್ದರು. ಜೊತೆಗಾರ ಬಿಡಿಭಾಗ ತರಲು ಅಂಗಡಿಗೆ ಹೋಗಿದ್ದ. ಎಲ್ಲರೂ ಅವನನ್ನು 'ಕುಳ್ಳ' ಎನ್ನುತ್ತಾರೆ, ಆರಡಿ ಎತ್ತರ ಇರುವುದಕ್ಕೆ. ಲಿಫ್ಟ್ ಮೇಲೆ ಕೆಳಗೆ ಓಡಾಡುವ ಶಾಫ್ಟಿನೊಳಗೆ ಹೋಗುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ತನ್ನ ಸ್ವಂತ ಬೀಗ ಜಡಿದು, ತನ್ನ ಹೆಸರಿನ ಬಿಲ್ಲೆ ನೇತುಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋಗಬೇಕು ಎಂಬುದು ಇವರ ಕಸುಬಿನ ಕಟ್ಟಳೆ. ಬೀಗ ಹಾಕಿದವನೇ ಬೀಗ ತೆಗೆಯಬೇಕು. ಬೇರೆ ಯಾರೂ, ಕಟ್ಟಡದ ಮಾಲೀಕನೇ ಬಂದು ನಿಂತರೂ, ಮುಟ್ಟುವಂತಿಲ್ಲ. ಇದನ್ನೆಲ್ಲ ನಾನು ತಮಗೆ ಹೇಳಿಕೊಡಬೇಕೇ? ತಾವೂ ಲಿಫ್ಟ್ ಕೆಲಸ ಮಾಡಿಯೇ ಆ ಕುರ್ಚಿಗೆ ಬಂದವರಂತೆ. ಈ ಬಹಿರಂಗ ಪತ್ರ ಓದುವ ಉಳಿದವರಿಗೆ ಗೊತ್ತಿರಲಿ ಎಂದು ಬರೆದೆ.

ಕುಳ್ಳ ವಾಪಸ್ ಬರುವಷ್ಟರಲ್ಲಿ ಕೆಳಗೆ ಜನ ಜಮಾಯಿಸಿದ್ದರು. ಕಟ್ಟಡದ ಮ್ಯಾನೇಜರ್ ಕೆಂಡಾಮಂಡಲವಾಗಿದ್ದರಂತೆ.

"ಎಷ್ಟು ಕೂಗಿದ್ರೂ ಸದ್ದೇ ಇಲ್ರೀ ನಿಮ್ಮೋರದ್ದು! ಬೀಗ ಮರ್ತು ಊಟಕ್ಕೆ ಹೋಗಿರ್ಬೇಕು. ಒಡೆದು ಸ್ವಿಚ್ ಹಾಕಿ, ಜನ ಕಾಯ್ತಿದಾರೆ."

"ಬೀಗ ಇದೆ ಅಂದ್ರೆ ಒಳಗೆ ಮನುಷ್ಯ ಇದಾನೆ ಸಾರ್."

"ಸದ್ದೇ ಇಲ್ಲ ಅಂತಿದೀನಲ್ರೀ!"

"ಸದ್ದಿಲ್ಲ ಅಂದ್ರೆ ಇನ್ನೂ ಬೇಗ ಹೋಗಿ ನೋಡ್ಬೇಕು."

ಹೀಗೆಂದವನೇ ಅಷ್ಟೂ ಮೆಟ್ಟಿಲು ಹತ್ತಿ ಹೋಗಿ ನೋಡಿದ. ಇವರು ಪೆಟ್ಟಿಗೆಯ ಮೇಲೆ ಬಲಮಗ್ಗುಲಾಗಿ ಬಿದ್ದಿದ್ದರು. ಕಣ್ಣು ತೆರೆದಿತ್ತು. ಕೂಗಿದ್ದೆಲ್ಲ ಕೇಳುತ್ತಿತ್ತು, ಉತ್ತರ ಕೊಡಲು ಬಾಯಿ ಬರುತ್ತಿರಲಿಲ್ಲ. ಪಾರ್ಶ್ವವಾಯು. ಆ ಮ್ಯಾನೇಜರ್ ಮಾತು ಕೇಳಿ ಸ್ವಿಚ್ ಹಾಕಿದ್ದರೆ ನಾನು ಇವತ್ತು ಈ ಪತ್ರ ಬರೆಯುತ್ತಿರಲಿಲ್ಲ, ತಾವೂ ನಿಶ್ಚಿಂತೆಯಿಂದ ಇರಬಹುದಿತ್ತು.

ಜೀವ ಉಳಿಯಿತು, ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಬುದ್ಧಿ ನೆಟ್ಟಗಿದೆ, ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಹೇಳಬೇಕೆಂದರೆ ಪದ ಸಿಗುವುದಿಲ್ಲ. ಮಾತು ಕಲಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಾಳೆ. ಚಮಚ ತೋರಿಸಿದಳು, ಬಾಚಣಿಗೆ ತೋರಿಸಿದಳು, ನನ್ನನ್ನೇ ತೋರಿಸಿ "ಇವ್ರು ಯಾರು ಅಂಕಲ್?" ಎಂದಳು. ಇವರ ಕಣ್ಣಲ್ಲಿ ನೀರು ತುಂಬಿತೇ ಹೊರತು ಒಂದಕ್ಷರ ಹೊರಡಲಿಲ್ಲ. ತಿಂಗಳುಗಟ್ಟಲೆ ಇದೇ ಗೋಳು. ಒಂದು ದಿನ ಆಕೆ ಬೇಸತ್ತು, "ಅಂಕಲ್ ಫೋನಲ್ಲಿ ಯಾವಾಗ್ಲೂ ಏನು ಓದ್ತಾರೆ ಆಂಟಿ?" ಎಂದು ಕೇಳಿದಳು. ಬಳಗದಲ್ಲಿ ಇವರು ಹಿಂದೆ ಯಾರಿಗೋ ಬರೆದ ಒಂದು ಉತ್ತರ ತೆರೆದುಕೊಟ್ಟು ಹೊಲಿಗೆ ಮಷಿನ್ ಮುಂದೆ ಕೂತೆ. ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲವೆಂದು ಯಾರೋ ಕೇಳಿದ್ದಕ್ಕೆ ಇವರು ಬರೆದದ್ದು: "ತಮ್ಮಾ, ಬಿಚ್ಚೋಕೆ ಮುಂಚೆ ಒರೆಸು. ಬಾಗಿಲು ಓಡೋ ಸಂದಿಯಲ್ಲಿ ಕಲ್ಲಿನ ಚೂರು ಸಿಕ್ಕಿರುತ್ತೆ ನೋಡು."

ಇವರು ಆ ಅಕ್ಷರಗಳ ಮೇಲೆ ಎಡಗೈ ಬೆರಳಿಟ್ಟು "ತಮ್ಮಾ" ಎಂದರು. ಸ್ಪಷ್ಟವಾಗಿ! ನಾನು ಮಷಿನ್ ಬಿಟ್ಟು ಎದ್ದು ಬಂದೆ. ನನ್ನ ಹೆಸರಿಗೆ ಹೊರಳದ ನಾಲಿಗೆ ಯಾವನೋ ಮುಖ ನೋಡದ ತಮ್ಮನಿಗೆ ಹೊರಳಿತಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು. ಅಂದಿನಿಂದ ಆ ಹುಡುಗಿ ಪಾಠದ ಚಿತ್ರಗಳನ್ನೆಲ್ಲ ಚೀಲಕ್ಕೆ ತುಂಬಿಟ್ಟಳು. ಇವರ ಉತ್ತರಗಳೇ ಪಾಠವಾದವು. ತಾವೇ ಬರೆದ ಮಾತಾದ್ದರಿಂದ ದಾರಿ ಗೊತ್ತಿರುತ್ತದೆ ಆಂಟಿ, ನಡೆದುಕೊಂಡು ಬರುತ್ತಾರೆ, ಎನ್ನುತ್ತಿದ್ದಳು. ಬಾಗಿಲು ಎಂದರು, ಹಗ್ಗ ಎಂದರು, ನಿಧಾನ ಎಂದರು. ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ಹೊಲಿಗೆ ಮಷಿನ್ ಕಚ್ಚಿಕೊಂಡಿತು. ಸಿಟ್ಟಿನಲ್ಲಿ ಸ್ಕ್ರೂಡ್ರೈವರ್ ಎತ್ತಿದ್ದೆ, ಹಿಂದಿನಿಂದ ಧ್ವನಿ ಬಂತು.

"ಬಿಚ್ಚೋಕೆ... ಮುಂಚೆ... ಒರೆಸು."

ಒರೆಸಿದೆ. ಒಳಗಿಂದ ಹತ್ತಿಯ ಉಂಡೆಯೊಂದು ಬಂತು, ಮಷಿನ್ ಓಡಿತು. ಓದದೆ, ಯಾರೂ ಕೇಳದೆ, ತಾವಾಗಿ ಆಡಿದ ಮೊದಲ ಮಾತು ಅದು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಆಮೇಲೆ ಇವರು ನನ್ನ ಕಡೆ ನೋಡಿ ಬಹಳ ಕಷ್ಟಪಟ್ಟು "ಕತ್ತೆ" ಎಂದರು. ಮದುವೆಯಾದಾಗಿನಿಂದ ಇವರು ನನ್ನನ್ನು ಮುದ್ದಿನಿಂದ ಕರೆಯುವುದೇ ಹಾಗೆ. ಎಷ್ಟೋ ಕಾಲದ ಮೇಲೆ ನನ್ನನ್ನು ಕರೆದರು, ಮಾನ್ಯರೇ.

ಅಷ್ಟರಲ್ಲಿ ತಮ್ಮ ಸೂಚನೆ ಬಂತು. ಬಹುಕಾಲದಿಂದ ಏನೂ ಬರೆಯದವರು 'ಇದ್ದೇನೆ' ಎಂದು ಉತ್ತರಿಸಬೇಕು, ಇಲ್ಲವಾದರೆ ತೆಗೆಯಲಾಗುವುದು. ಇವರು ಓದಿದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಎಡಗೈ ಹೆಬ್ಬೆರಳಿನಿಂದ ಒತ್ತುವುದು, ಅಳಿಸುವುದು, ಮತ್ತೆ ಒತ್ತುವುದು ಶುರುಮಾಡಿದರು. ನಾನು ಕಾಜಾ ಹೊಲಿದು ಗುಂಡಿ ಹಚ್ಚಿ ಮುಗಿಸಿದರೂ ಇವರದ್ದು ಮುಗಿಯಲಿಲ್ಲ. "ಕೊಡ್ರೀ ಇಲ್ಲಿ, ನಾನು ಒತ್ತಿ ಕಳಿಸ್ತೀನಿ" ಎಂದು ಕೈಚಾಚಿದರೆ ನನ್ನ ಕೈಯನ್ನು ತಳ್ಳಿಬಿಟ್ಟರು. ಕೊನೆಗೂ ಕಳಿಸಿ, ಬೆವರು ಒರೆಸಿಕೊಂಡು ನನಗೆ ತೋರಿಸಿದರು. 'ಬೀಗ ಇದೆ' ಎಂದಿತ್ತು. ಪಾಪ, ಒಂದು ಹೇಳಹೋಗಿ ಇನ್ನೊಂದು ಬಂದಿದೆ ಎಂದುಕೊಂಡೆ. ತಿದ್ದೋಣವೆನ್ನುವಷ್ಟರಲ್ಲಿ ತಮ್ಮ ಕಡೆಯಿಂದ 'ಧನ್ಯವಾದಗಳು, ತಮ್ಮ ಪ್ರತಿಕ್ರಿಯೆ ದಾಖಲಾಗಿದೆ' ಎಂದು ಬಂದದ್ದರಿಂದ ನೆಮ್ಮದಿಯಾಯಿತು. ಧನ್ಯವಾದ ಹೇಳಿದವರು ಕತ್ತು ಹಿಡಿದು ಹೊರಗೆ ನೂಕುತ್ತಾರೆಂದು ನನಗೇನು ಗೊತ್ತು?

ಇವರನ್ನು ತೆಗೆದ ಸುದ್ದಿ ಹೇಳಲು ಕುಳ್ಳನಿಗೆ ಫೋನ್ ಮಾಡಿದಾಗ, ಇವರು ಬರೆದದ್ದನ್ನೂ ಹೇಳಿದೆ. "ಅತ್ತಿಗೆ, ಅಣ್ಣ ಇನ್ನೇನು ಬರೀಬೇಕಿತ್ತು? ಬೀಗ ಇದೆ ಅಂದ್ರೆ ನಾನಿನ್ನೂ ಒಳಗಿದೀನಿ ಅಂತ. ಇದು ಅರ್ಥ ಆಗ್ದೇ ಇರೋನು ಲಿಫ್ಟ್ ಕೆಲ್ಸ ಮಾಡಿರೋಕೇ ಸಾಧ್ಯ ಇಲ್ಲ" ಎಂದ. ತಮ್ಮ ಯಂತ್ರಕ್ಕೆ ಅರ್ಥವಾಗಲಿಲ್ಲ ಎನ್ನಿ, ಒಪ್ಪುತ್ತೇನೆ. ಯಂತ್ರದ ಹಿಂದೆ ಒಬ್ಬ ಮನುಷ್ಯನೂ ಇರಲಿಲ್ಲವೇ?

ನಾನು ತಮ್ಮ ಸಹಾಯ ವಿಭಾಗಕ್ಕೆ ಬರೆದೆ. ಸದಸ್ಯರೇ ತಮ್ಮ ಖಾತೆಯ ಮೂಲಕ ಮನವಿ ಸಲ್ಲಿಸಬೇಕು ಎಂಬ ಉತ್ತರ ಬಂತು. ಖಾತೆಯೇ ಮುಚ್ಚಿರುವಾಗ ಯಾವ ಬಾಗಿಲಿನಿಂದ ಒಳಗೆ ಬರುವುದು ಎಂದು ಕೇಳಿದೆ. ಹೊಸ ಸದಸ್ಯರಾಗಿ ಸೇರಬಹುದು, ವೃತ್ತಿಜ್ಞಾನದ ಪ್ರಶ್ನೆಗಳಿಗೆ ಲಿಖಿತ ಉತ್ತರ ನೀಡಬೇಕು, ಹಳೆಯ ಬರಹಗಳು ಮಾತ್ರ ಮರಳಿ ಸಿಗುವುದಿಲ್ಲ ಎಂದರು. ಕುಳ್ಳ ಬಳಗದಲ್ಲೇ ಈ ಪ್ರಶ್ನೆ ಎತ್ತಿದ್ದಕ್ಕೆ ಅದನ್ನು 'ವಿಷಯಾಂತರ' ಎಂದು ತೆಗೆದುಹಾಕಿದಿರಿ. ಗುಲಾಬಿ ಹೂವು ಮಾತ್ರ ಅಲ್ಲೇ ಇದೆ. ದಿಕ್ಕು ತೋಚದೆ ಹೀಗೆ ಬೀದಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಉತ್ತರಗಳನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳಬೇಕಿತ್ತು ಎಂದು ತಾವು ಹೇಳಬಹುದು. ಇರುವ ಮನೆಯನ್ನು ಯಾರಾದರೂ ನಕಲು ಮಾಡಿಟ್ಟುಕೊಳ್ಳುತ್ತಾರೆಯೇ? ಕುಳ್ಳನ ಫೋನಿನಲ್ಲೂ ಇವರ ಉತ್ತರಗಳು ಈಗ ತೆರೆಯುವುದಿಲ್ಲ. ಆ ಹುಡುಗಿಯ ಬಳಿ ಬರೆದುಕೊಂಡ ಒಂದೆರಡು ಹಾಳೆ ಇವೆ, ಅಷ್ಟೇ.

ಆ ಹಾಳೆ ಮುಂದೆ ಹಿಡಿದರೆ ಇವರು ಮುಖ ತಿರುಗಿಸುತ್ತಾರೆ. ಫೋನ್ ತೆರೆಯುತ್ತಾರೆ, 'ಈ ಪುಟ ಲಭ್ಯವಿಲ್ಲ' ಎಂಬುದನ್ನು ಓದುತ್ತಾರೆ, ಮುಚ್ಚುತ್ತಾರೆ, ಮತ್ತೆ ತೆರೆಯುತ್ತಾರೆ. ಬಂದ ಮಾತುಗಳು ಒಂದೊಂದಾಗಿ ವಾಪಸ್ ಹೋಗುತ್ತಿವೆ. ನಿನ್ನೆ ನಾನು ಬೇಕೆಂದೇ ಮಷಿನ್ ನಿಲ್ಲಿಸಿ, "ಕಚ್ಕೊಂಡ್ಬಿಡ್ತು ನೋಡ್ರೀ, ಏನ್ ಮಾಡ್ಲಿ?" ಎಂದೆ. ಬಾಯಿ ತೆರೆದರು. ತುಟಿ ಅಲ್ಲಾಡಿತು. ಏನೂ ಬರಲಿಲ್ಲ. ನನಗೆ ಭಯವಾಗುತ್ತಿದೆ. ಇನ್ನೊಮ್ಮೆ ಆ ಮೌನದೊಳಗೆ ಹೋದರೆ ಈ ಸಲ ಇವರನ್ನು ಹೊರಗೆ ಎಳೆಯಲು ನನ್ನ ಬಳಿ ಏನೂ ಇಲ್ಲ.

ತಿಂಗಳು ಮುಗಿಯುವುದರೊಳಗೆ ಇವರ ಉತ್ತರಗಳನ್ನು ಹಿಂದಿರುಗಿಸಿ. ಸದಸ್ಯತ್ವ ಕೊಡಿ, ಬಿಡಿ, ಅದು ತಮ್ಮ ಔದಾರ್ಯ. ಅವರ ಮಾತು ಅವರಿಗೆ ಕೊಡಿ. ಇನ್ನು ಮುಂದೆ ಯಾರನ್ನೇ ತೆಗೆಯುವ ಮುನ್ನ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಫೋನ್ ಮಾಡಿ ಕೇಳಲಿ. ಸದ್ದಿಲ್ಲವೆಂದು ಸ್ವಿಚ್ ಹಾಕಬಾರದೆಂದು ಕಲಿತ ಕಸುಬಿನವರು ತಾವು. ಅಷ್ಟು ನಂಬಿಕೆ ಬರದಿದ್ದರೆ ತಾವೇ ಬಂದು ನೋಡಿ. ಮೂರನೇ ಮಹಡಿ, ಲಿಫ್ಟಿಲ್ಲ, ಹತ್ತಬೇಕಾಗುತ್ತದೆ. ಬಾಗಿಲು ತೆರೆದಿರುತ್ತದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಬ್ಬ ಮನುಷ್ಯ ಇದ್ದಾರೆ.

ಇಂತಿ,
ತಮ್ಮ ಲೆಕ್ಕದಲ್ಲಿ ಇಲ್ಲದವರೊಬ್ಬರ ಹೆಂಡತಿ,
ಎಷ್ಟೋ ಕಾಲದ ಮೇಲೆ ಒಮ್ಮೆ 'ಕತ್ತೆ' ಎನ್ನಿಸಿಕೊಂಡವಳು