ಜೋಲಿ ಬಿಚ್ಚಿದೀನಿ

ಅಮ್ಮಾ,

ಎದುರಿಗೆ ನಿಂತು ಹೇಳಿದ್ರೆ ಅಳೋಕೆ ಶುರು ಮಾಡ್ತೀಯ, ಅದಕ್ಕೇ ಬರೆದಿಟ್ಟು ಆಫೀಸಿಗೆ ಹೊರಟಿದೀನಿ.

ಇಂಚರಾನ ಎಚ್ಚರ ಇರುವಾಗಲೇ ತೊಟ್ಟಿಲಲ್ಲಿ ಬಿಟ್ಟು ಬಾ, ಅತ್ತರೂ ತಕ್ಷಣ ಎತ್ಕೋಬೇಡ ಅಂತ ನಿದ್ದೆ ಆ್ಯಪಲ್ಲಿ ಇದ್ದಿದ್ದನ್ನ ಓದಿ ಹೇಳಿದ್ದೆ ತಾನೆ? ದಿನಾ ಸಂಜೆ ಕೇಳಿದಾಗ "ಅಳಲೇ ಇಲ್ಲ ಕಣೇ, ತಾನೇ ಮಲಗಿದ್ಲು" ಅಂದೆ. ನಾನು ಹಾಗೇ ಆ್ಯಪಿಗೆ ತುಂಬಿದೆ. ಅದು ಶಭಾಷ್ ಅಂದಿದ್ದನ್ನ ಆಫೀಸಲ್ಲಿ ಎಲ್ಲರಿಗೂ ತೋರಿಸ್ಕೊಂಡು ಓಡಾಡಿದೆ.

ನಿನ್ನೆ ಬೇಗ ಬಂದು ನೋಡಿದ್ರೆ ಬಟ್ಟೆ ಕ್ಲೋಸೆಟ್ಟಿನ ಕಂಬಿಗೆ ಸೀರೆ ಜೋಲಿ ಕಟ್ಟಿ ತೂಗ್ತಾ ಕೂತಿದ್ದೆ. "ನೀನೂ ಇದೇ ಸೀರೇಲಿ ಮಲಗಿ ಬೆಳೆದೋಳು" ಅಂತ ಬೇರೆ ಹೇಳಿದೆ. ಅದಕ್ಕೇ ನೋಡು, ಇವತ್ತಿಗೂ ಮಾತ್ರೆ ಇಲ್ದೆ ನನಗೆ ನಿದ್ದೆ ಬರಲ್ಲ.

ಆ ಸೀರೇನ ಕತ್ತರಿಸಿ ಸಿಂಕ್ ಕೆಳಗೆ ಇಟ್ಟಿದೀನಿ. ಒಲೆ ಒರೆಸೋಕೆ ತಗೋ.

ಇವತ್ತಿಂದ ಮಗು ನೋಡ್ಕೊಳ್ಳೋಕೆ ಮರಿಯಾ ಅನ್ನೋಳು ಬರ್ತಾಳೆ. ರೆಂಟನ್ ಅನ್ನೋ ಪಕ್ಕದೂರಿಂದ ಬಸ್ ಬದಲಾಯಿಸಿ ಬರಬೇಕು ಪಾಪ, ಕಾಫಿ ಮಾಡಿಕೊಡು. ಅವಳಿಗೆ ಕನ್ನಡ ಬರಲ್ಲ, ನಿನಗೆ ಇಂಗ್ಲಿಷ್ ಬರಲ್ಲ, ಒಳ್ಳೇದೇ ಆಯ್ತು.

ಫ್ರಿಜ್ಜಲ್ಲಿ ಹುಳಿ ಇದೆ, ಬಿಸಿ ಮಾಡ್ಕೊಂಡು ಊಟ ಮಾಡು. ಬಿ.ಪಿ. ಮಾತ್ರೆ ಮರೀಬೇಡ. ಆಮೇಲೆ ನಿನ್ನ ರೂಮಲ್ಲೇ ಇರು.

ಪಾಪು ನಿನ್ನ ಹುಡುಕ್ಕೊಂಡು ಅಳ್ತಾಳೆ, ಗೊತ್ತು. ಬಾಗಿಲು ತೆಗೀಬೇಡ. ನಾಲ್ಕು ದಿನ ಅತ್ತು ನಿನ್ನ ಮರೀತಾಳೆ.

ಜಾಹ್ನವಿ